ಭಾರವಾದದ್ದು ಮೇಲೆ ಹೇಗೆ ಹೋಯಿತು? — ಬಲೂನುಗಳ ಪರವಾಗಿ ಒಂದು ವಾದ



2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿ ಗ್ರಾಮದಲ್ಲಿ ಒಂದು ದೈತ್ಯ ಬಲೂನು ತನ್ನ ಉಪಕರಣಗಳೊಡನೆ ಮನೆಯೊಂದರ ಮೇಲೆ ಬಂದಿಳಿದ ಸುದ್ದಿಯನ್ನು ನೀವೆಲ್ಲ ನೋಡಿರಬಹುದು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿದ ಬಲೂನು ಅದು. ಹುಮನಾಬಾದ್ ನಾನು ಸೇವಾವಧಿಯಲ್ಲಿ ಅದೆಷ್ಟೋ ಸಲ ಬಸ್ಸು ಬದಲಿಸಿದ ಊರು. ಹಾಗಾಗಿ ಸುದ್ದಿ ನನಗೆ ತುಸು ಹೆಚ್ಚೇ ಆಪ್ತವೆನಿಸಿತು. ಕೆಲವು ದಿನಗಳ ನಂತರ ಬಂಧುಗಳೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ಅದರ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಎಲ್ಲರಿಗೂ ಕೇಳಿಸುವಂತೆ ಹೇಳಿದ: "ಮಾಮಾ, ಮ್ಯಾಲೆ ಅಷ್ಟು ಉಪಗ್ರಹ ತಿರುಗ್ಲಿಕತ್ತಾವ. ಇವರು ಇನ್ನಾ ಜಾತ್ರಿ ಬಲೂನು ಹಾರಿಸ್ಕೋತ ಕುಂತಾರಲ್ರಿ! ನಮ್ಮ ಟ್ಯಾಕ್ಸಿನ ರೊಕ್ಕ." ಪಂಕ್ತಿಯೆಲ್ಲ ನಕ್ಕಿತು. ಹೋಳಿಗೆಯ ಮೇಲೆ ತುಪ್ಪ ಬಡಿಸುವ ಹೊತ್ತಿನಲ್ಲಿ ವಾದ ಹೂಡುವುದು ಸಲ್ಲದೆಂದು ನಾನು ಸುಮ್ಮನಿದ್ದೆ. ಆದರೆ ಆ ನಗು ನನ್ನನ್ನು ಬಿಡಲಿಲ್ಲ. ಅಳಿಯನಿಗೆ ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದುತ್ತಾನೆಂಬ ಭರವಸೆ ನನಗಿದೆ. ಅವನ ತಾಯಿಯಂತೂ ಓದಿಸದೆ ಬಿಡುವವಳಲ್ಲ!

ಆದರೆ ಅಳಿಯನ ತಪ್ಪನ್ನು ಎತ್ತಿ ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು.

1994ನೆಯ ಇಸವಿ. ಹತ್ತನೆಯ ತರಗತಿಗೆ ನಾನು ಓಜೋನ್ ಕುರಿತು ಪಾಠ ಮಾಡುತ್ತಿದ್ದೆ. ರೆಫ್ರಿಜರೇಟರುಗಳಿಂದಲೂ ತುಂತುರು ಡಬ್ಬಿಗಳಿಂದಲೂ ಹೊರಬೀಳುವ ಕ್ಲೋರೋಫ್ಲೋರೋಕಾರ್ಬನ್ನುಗಳು, ಅಂದರೆ ಸಿ.ಎಫ್.ಸಿ.ಗಳು, ಮೇಲಕ್ಕೆ ಹೋಗಿ ಓಜೋನನ್ನು ನಾಶಮಾಡುತ್ತವೆ ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಹಿಂದಿನ ವಾರವಷ್ಟೇ ಅಣುಭಾರ ಲೆಕ್ಕ ಹಾಕುವುದನ್ನು ಕಲಿಸಿದ್ದೆ. "ಸರ್, ಗಾಳಿದು ಇಪ್ಪತ್ತೊಂಬತ್ತು ಬರ್ತದ. ಇದರದು ನೂರಾ ಮೂವತ್ತೇಳು ಬರ್ತದ. ಇಷ್ಟು ಭಾರ ಇದ್ದದ್ದು ಮ್ಯಾಲೆ ಹ್ಯಾಂಗ ಹೋಗ್ತದ್ರಿ?" ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೆನ್ನದೆ, "ಪರೀಕ್ಷೆಗೆ ಬರುವುದನ್ನು ಓದು, ಕೂತುಕೋ" ಎಂದೆ. ಹುಡುಗರು ನಕ್ಕರು. ಅವನು ಕೂತ. ಆ ನಗುವಿಗೂ ಗೃಹಪ್ರವೇಶದ ಪಂಕ್ತಿಯ ನಗುವಿಗೂ ನನಗೀಗ ಹೆಚ್ಚಿನ ಅಂತರ ಕಾಣುವುದಿಲ್ಲ.

ಅದೇ 1994ರಲ್ಲಿ, ನಮ್ಮ ಶಾಲೆಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರು ದೂರದ ಹೈದರಾಬಾದಿನಿಂದ ಒಂದು ಬಲೂನು, ಆ ಹುಡುಗ ಕೇಳಿದ್ದಕ್ಕೆ ಸಂಬಂಧಿಸಿದ ಗಾಳಿಯನ್ನೇ ತರಲು ಆಕಾಶಕ್ಕೆ ಏರಿತ್ತು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಆ ಕಥೆಗೆ ಮುಂದೆ ಬರುತ್ತೇನೆ. ಮೊದಲು ಅವನ ಪ್ರಶ್ನೆ.

ಭಾರವಾದ ಅನಿಲ ಕೆಳಗೇ ಉಳಿಯಬೇಕು ಎಂಬುದು ನಿಜವಾಗಿದ್ದರೆ ನಾವು ಯಾರೂ ಬದುಕಿರುತ್ತಿರಲಿಲ್ಲ. ಆರ್ಗಾನ್ ಅಣುಭಾರ 40, ಇಂಗಾಲದ ಡೈಆಕ್ಸೈಡಿನದು 44, ಆಮ್ಲಜನಕದ್ದು 32, ಸಾರಜನಕದ್ದು 28. ಅವು ತಮ್ಮ ತಮ್ಮ ಭಾರಕ್ಕನುಗುಣವಾಗಿ ಪದರ ಪದರವಾಗಿ ಕೂತಿದ್ದರೆ ನೆಲದ ಮೇಲೆ ಇಂಗಾಲದ ಡೈಆಕ್ಸೈಡ್, ಅದರ ಮೇಲೆ ಆರ್ಗಾನ್ ಇರುತ್ತಿದ್ದವು. ಉಸಿರಾಡಲು ಏಣಿ ಹತ್ತಬೇಕಾಗುತ್ತಿತ್ತು. ಹಾಗಾಗಿಲ್ಲ, ಏಕೆಂದರೆ ಗಾಳಿ ನಿಂತ ನೀರಲ್ಲ. ಬಿಸಿಲು, ಮೋಡ, ಬಿರುಗಾಳಿ, ಮಳೆಗಾಲದ ಗುಡುಗಿನ ಮೋಡಗಳ ಏರಿಳಿತ, ಎಲ್ಲವೂ ಸೇರಿ ಅದನ್ನು ಹಗಲಿರುಳು ಕಡೆಯುತ್ತಲೇ ಇರುತ್ತವೆ. ಸುಮಾರು 100 ಕಿಲೋಮೀಟರು ಎತ್ತರದವರೆಗೂ ಈ ಕಡೆಯುವಿಕೆಯೇ ಗೆಲ್ಲುತ್ತದೆ. ಅದಕ್ಕೂ ಮೇಲೆ ಮಾತ್ರ ಅನಿಲಗಳು ಭಾರಕ್ಕೆ ತಕ್ಕಂತೆ ಬೇರ್ಪಡತೊಡಗುತ್ತವೆ. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು.

ಆದರೆ ಇದು ತರ್ಕ. ಮೇಲೆ ನಿಜವಾಗಿಯೂ ಅದು ಇದೆಯೇ ಎಂದು ಕಂಡವರು ಯಾರು? ಬಲೂನಿನ ಪ್ರಸ್ತಾಪ ಬರುವುದು ಇಲ್ಲಿಯೇ.

ಮಾರಿಯೊ ಮೊಲಿನಾ, ಶೆರ್ವುಡ್ ರೋಲ್ಯಾಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಸಿ.ಎಫ್.ಸಿ.ಗಳು ಕೆಳಗೆ ಯಾವುದರೊಡನೆಯೂ ವರ್ತಿಸದೆ ಅಲೆದಾಡಿ, ಕೊನೆಗೆ ಸಮೋಷ್ಣ ಮಂಡಲವನ್ನು ಸೇರಿ, ಅಲ್ಲಿನ ತೀಕ್ಷ್ಣ ನೇರಳಾತೀತ ಕಿರಣಗಳಿಂದ ಒಡೆದು, ಬಿಡುಗಡೆಯಾದ ಕ್ಲೋರಿನ್ ಓಜೋನನ್ನು ನುಂಗುತ್ತದೆ ಎಂಬುದು ಅದರ ಸಾರ. ಉದ್ಯಮದವರು ಒಪ್ಪಲಿಲ್ಲ: ಇದು ಕಾಗದದ ಮೇಲಿನ ಲೆಕ್ಕ, ಸಾಕ್ಷ್ಯವೆಲ್ಲಿ ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. 1975ರಲ್ಲಿ ಅಮೆರಿಕದ ಎರಡು ತಂಡಗಳು ಬಲೂನುಗಳಲ್ಲಿ ಖಾಲಿ ಪಾತ್ರೆಗಳನ್ನು ಕಳುಹಿಸಿ ಮೇಲಿನ ಗಾಳಿಯನ್ನು ತುಂಬಿ ತಂದವು. ಸಿ.ಎಫ್.ಸಿ. ಅಲ್ಲಿತ್ತು! ಇದ್ದುದಷ್ಟೇ ಅಲ್ಲ, ಮೇಲೆ ಮೇಲೆ ಹೋದಂತೆ ಅದರ ಪ್ರಮಾಣ ಲೆಕ್ಕ ಹೇಳಿದ ರೀತಿಯಲ್ಲಿಯೇ ಕುಸಿಯುತ್ತಿತ್ತು. ಎಂದರೆ, ಅದು ಅಲ್ಲಿ ತಲುಪಿ ಒಡೆಯುತ್ತಿತ್ತು. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಹತ್ತೊಂಬತ್ತು ವರ್ಷ ಮೊದಲೇ ಬಾಟಲಿಯಲ್ಲಿ ತುಂಬಿ ತಂದ ಉತ್ತರವಿತ್ತು. ನಾನು ಓದಿರಲಿಲ್ಲ, ಅಷ್ಟೆ.

ಇನ್ನು ನಮ್ಮ ಪಠ್ಯಪುಸ್ತಕಗಳ ಮಾತು. ಗಾಳಿಯ ಸಂಯೋಜನೆಯ ಕೋಷ್ಟಕ ನಿಮಗೆಲ್ಲ ಬಾಯಿಪಾಠವಿದ್ದೀತು: ಸಾರಜನಕ 78, ಆಮ್ಲಜನಕ 21, ಆರ್ಗಾನ್ 0.9, ಇಂಗಾಲದ ಡೈಆಕ್ಸೈಡ್ 0.03, ಕೊನೆಯ ಸಾಲಿನಲ್ಲಿ "ಇತರೆ". ಇಂಗಾಲದ ಡೈಆಕ್ಸೈಡ್ ಈಗ 0.042ನ್ನು ದಾಟಿದೆ, ನಾನು ನಿವೃತ್ತನಾಗುವವರೆಗೂ ಕಲಿಸಿದ್ದು ಆ ಹಳೆಯ 0.03 ಅಂಕಿಯನ್ನೇ. ಅದಕ್ಕಿಂತಲೂ ನನಗೆ ಸಿಟ್ಟು ಬರಿಸುವುದು ಆ "ಇತರೆ". ಓಜೋನನ್ನು ಕೊಂದದ್ದು "ಇತರೆ". ಓಜೋನ್ ಕೂಡ "ಇತರೆ"ಯೇ. ಮೀಥೇನ್ "ಇತರೆ". ರಾಜ್ಯಭಾರ ಮಾಡುವವರನ್ನೆಲ್ಲ ಕೊನೆಯ ಸಾಲಿನಲ್ಲಿ ಹೆಸರಿಲ್ಲದೆ ಕೂರಿಸಿ, ಯಾವ ಉಪದ್ರವವನ್ನೂ ಮಾಡದ ಆರ್ಗಾನಿಗೆ ಒಂದು ಅಂಕ ಕೊಡುತ್ತೇವೆ.

ಅದರ ಪ್ರಮಾಣ ಎಷ್ಟೆಂದು ನಮ್ಮ ಸೀಮೆಯ ಲೆಕ್ಕದಲ್ಲಿ ಹೇಳುತ್ತೇನೆ. ಸಿ.ಎಫ್.ಸಿ.-11 ಎಂಬ ಅನಿಲ 1990ರ ದಶಕದ ಮೊದಲಲ್ಲಿ ತನ್ನ ಗರಿಷ್ಠ ಮಟ್ಟ ಮುಟ್ಟಿದಾಗ, ಗಾಳಿಯ ಒಂದು ಲಕ್ಷ ಕೋಟಿ ಅಣುಗಳಲ್ಲಿ ಅದರ ಪಾಲು ಸುಮಾರು 268 ಅಣುಗಳು. ಒಂದು ಲಕ್ಷ ಕೋಟಿ ಜೋಳದ ಕಾಳೆಂದರೆ ಹೆಚ್ಚುಕಡಿಮೆ ಮೂರು ಲಕ್ಷ ಕ್ವಿಂಟಲಿನ ರಾಶಿ. ಅದರಲ್ಲಿ ಬೆರೆತುಹೋದ ಎರಡು ಚಮಚ ಕಾಳು! ಅದನ್ನು ಎಣಿಸಬೇಕು. ಅದೂ 30 ಕಿಲೋಮೀಟರು ಎತ್ತರದಲ್ಲಿ, ಗಾಳಿಯ ಒತ್ತಡ ನೆಲದ ಮೇಲಿನದರ ನೂರರಲ್ಲೊಂದು ಪಾಲಿಗೆ ಇಳಿದಿರುವ ಕಡೆ, ಅದರ ಪಾಲು ಇನ್ನೂ ಕಡಿಮೆಯಾಗಿರುವ ಕಡೆ.

ಅದನ್ನು ಹೇಗೆ ಮಾಡಿದರು? ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರೂ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರವರೂ ಕೂಡಿ 1987, 1990, 1994ರಲ್ಲಿ ಹೈದರಾಬಾದಿನಿಂದ ಹಾರಿಸಿದ ಉಪಕರಣದ ವಿವರ ಓದಿದಾಗ ನನಗೆ ರೋಮಾಂಚನವಾಯಿತು. ಸಾಲಾಗಿ ಜೋಡಿಸಿದ ಉಕ್ಕಿನ ನಳಿಗೆಗಳು. ಅವನ್ನು ತಂಪಾಗಿಡಲು ದ್ರವರೂಪದ ನಿಯಾನ್, ಸೊನ್ನೆಗಿಂತ 246 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗೊತ್ತಾದ ಎತ್ತರದಲ್ಲಿ ಒಂದು ನಳಿಗೆಯ ಬಾಯಿ ತೆರೆಯುತ್ತದೆ. ಒಳನುಗ್ಗಿದ ಗಾಳಿ ತಣ್ಣನೆಯ ಗೋಡೆಗೆ ತಾಗಿ ಹೆಪ್ಪುಗಟ್ಟುತ್ತದೆ. ಖಾಲಿಯಾದ ಜಾಗಕ್ಕೆ ಇನ್ನಷ್ಟು ಗಾಳಿ ನುಗ್ಗುತ್ತದೆ. ಪಂಪು ಬೇಡ, ಯಂತ್ರದ ಎಣ್ಣೆಯ ಸೋಂಕಿಲ್ಲ. ಅಷ್ಟು ತೆಳುವಾದ ಗಾಳಿಯನ್ನು ಹೀಗೆ ಹಿಂಡಿ ಹಿಂಡಿ ತುಂಬಿ, ಬಾಯಿ ಮುಚ್ಚಿ, ಮುಂದಿನ ಎತ್ತರಕ್ಕೆ ಮುಂದಿನ ನಳಿಗೆ. ಬಲೂನಿನ ಪಾಲಿಥೀನ್ ಹಾಳೆಯೂ ಕೆಳಗಿನ ಗಾಳಿಯನ್ನು ಮೈಗಂಟಿಸಿಕೊಂಡು ಹೋಗಿರುತ್ತದೆ. ಆ ಮಾಲಿನ್ಯ ಮಾದರಿಗೆ ಬೆರೆಯಬಾರದು. ಆದ್ದರಿಂದ ಪೆಟ್ಟಿಗೆಯನ್ನು ಬಲೂನಿನಿಂದ ಬಹಳ ಕೆಳಗೆ ಇಳಿಬಿಟ್ಟು, ನಿಧಾನವಾಗಿ ಇಳಿಯುತ್ತಿರುವಾಗ, ಇನ್ನೂ ಏನೂ ಮುಟ್ಟದ ಗಾಳಿಯನ್ನು ಮಾತ್ರ ತುಂಬಿಕೊಳ್ಳುವುದು. ಇಂತಹ ಮಡಿಯನ್ನು ನಾನು ನಮ್ಮ ಅಜ್ಜಿಯ ಅಡುಗೆಮನೆಯ ನಂತರ ಇಲ್ಲಿಯೇ ಕಂಡದ್ದು.

ಹೈದರಾಬಾದೇ ಏಕೆ? ಇದೂ ನಮ್ಮ ಅಭಿಮಾನದ ಪ್ರಶ್ನೆಯಲ್ಲ, ಭೂಗೋಳದ ಪ್ರಶ್ನೆ. ಕೆಳಗಿನ ಗಾಳಿ ಸಮೋಷ್ಣ ಮಂಡಲವನ್ನು ಪ್ರವೇಶಿಸುವುದು ಮುಖ್ಯವಾಗಿ ಉಷ್ಣವಲಯದಲ್ಲಿ. ಅಲ್ಲಿಂದ ಅದು ಧ್ರುವಗಳ ಕಡೆಗೆ ನಿಧಾನವಾಗಿ ಹರಿದು ಅಲ್ಲಿ ಕೆಳಗಿಳಿಯುತ್ತದೆ. ನೀರಾವಿಯ ಅತ್ಯಲ್ಪ ಪ್ರಮಾಣವನ್ನು ಅಳೆದು 1949ರಲ್ಲಿ ಬ್ರೂವರ್ ಎಂಬ ವಿಜ್ಞಾನಿ ಈ ತೀರ್ಮಾನಕ್ಕೆ ಬಂದರು. ಉಷ್ಣವಲಯವೇ ಹೆಬ್ಬಾಗಿಲು. ಮುಂಗಾರಿನ ಮೋಡಗಳು ದಕ್ಷಿಣ ಏಷ್ಯಾದ ಹೊಗೆ ಧೂಳನ್ನೆಲ್ಲ ಆ ಬಾಗಿಲವರೆಗೆ ಎತ್ತಿಕೊಂಡು ಹೋಗುತ್ತವೆ. ಅದನ್ನು ಪರೀಕ್ಷಿಸಲು 2014ರಿಂದ ಮುಂದಿನ ಕೆಲವು ವರ್ಷ ಇಸ್ರೋ ಮತ್ತು ನಾಸಾ ಕೂಡಿ ಹೈದರಾಬಾದ್, ಗಾದಂಕಿಗಳಿಂದ ಬಲೂನುಗಳನ್ನು ಹಾರಿಸಿದವು. ಹೆಬ್ಬಾಗಿಲು ನಮ್ಮ ತಲೆಯ ಮೇಲಿದೆ. ಅಲ್ಲಿ ಕಾವಲು ನಿಂತವನನ್ನು ಜಾತ್ರೆಯ ಬಲೂನಿನವನೆಂದು ಹೀಯಾಳಿಸುತ್ತೇವೆ!

ಈಗ ಅಳಿಯನ ಮುಖ್ಯ ಆಕ್ಷೇಪಕ್ಕೆ ಬರೋಣ: ಉಪಗ್ರಹಗಳಿವೆಯಲ್ಲ?

ಇವೆ, ಬೇಕು ಕೂಡ. ಇಡೀ ಭೂಮಿಯನ್ನು ದಿನ ದಿನವೂ ನೋಡುವ ಶಕ್ತಿ ಬಲೂನಿಗಿಲ್ಲ. ಆದರೆ ಉಪಗ್ರಹ ಗಾಳಿಯನ್ನು ಮುಟ್ಟುವುದಿಲ್ಲ. ಅದು ನೂರಾರು ಕಿಲೋಮೀಟರು ಮೇಲಿನಿಂದ ಬೆಳಕನ್ನು ನೋಡಿ, ಯಾವ ಅನಿಲ ಎಷ್ಟಿರಬಹುದೆಂದು ಊಹಿಸುತ್ತದೆ. ಶಾಸ್ತ್ರಬದ್ಧವಾದ ಊಹೆ, ಒಪ್ಪಿದೆ, ಆದರೆ ಊಹೆ. ಆ ಊಹೆ ಸರಿಯೇ ಎಂದು ತಾಳೆ ನೋಡಲು ಗಾಳಿಯನ್ನು ಕೈಯಲ್ಲಿ ಹಿಡಿದು ತಂದ ಸಾಕ್ಷಿ ಬೇಕು.

ಓಜೋನ್ ರಂಧ್ರದ ಇತಿಹಾಸವನ್ನೇ ನೋಡಿ. ಅದನ್ನು ಉಪಗ್ರಹ ಪತ್ತೆಹಚ್ಚಿತೆಂದು ಬಹಳ ಜನ ನಂಬಿದ್ದಾರೆ. ನಾನೂ ಹಾಗೆಯೇ ಪಾಠ ಮಾಡಿದ್ದೇನೆ. 1985ರಲ್ಲಿ ಅದನ್ನು ಜಗತ್ತಿಗೆ ಸಾರಿದವರು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷರು. ಅಂಟಾರ್ಕ್ಟಿಕದ ಹ್ಯಾಲಿ ಬೇ ನಿಲ್ದಾಣದಲ್ಲಿ 1950ರ ದಶಕದಿಂದ ನೆಲದ ಮೇಲಿನ ಹಳೆಯ ಉಪಕರಣದಿಂದ ವರ್ಷ ವರ್ಷ ಬಿಡದೆ ಅಳೆದಿಟ್ಟ ಅಂಕಿಗಳಿಂದ. ಆಗ ನಾಸಾದ ಉಪಗ್ರಹವೂ ಮೇಲಿತ್ತು. ಅದಕ್ಕೂ ಆ ಕಡಿಮೆ ಅಂಕಿಗಳು ಸಿಕ್ಕಿದ್ದವು. ಆದರೆ ಅಷ್ಟು ಕಡಿಮೆ ಇರಲಾರದೆಂದು ಅವಕ್ಕೆ ಅನುಮಾನದ ಗುರುತು ಬಿದ್ದಿತ್ತು; ಪರಿಶೀಲನೆ ಮುಗಿಯುವಷ್ಟರಲ್ಲಿ ಹ್ಯಾಲಿಯವರು ಪ್ರಕಟಿಸಿಯಾಗಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಓಜೋನ್ ಒಟ್ಟು ಎಷ್ಟು ಕಡಿಮೆಯಾಯಿತೆಂದು ಉಪಗ್ರಹ ಹೇಳಿತು, ನೆಲದ ಉಪಕರಣ ಹೇಳಿತು. ಯಾವ ಎತ್ತರದಲ್ಲಿ? ಕೆಲವರು ಸೂರ್ಯನ ಚಟುವಟಿಕೆಯಿಂದ ಬಹಳ ಮೇಲೆ ಹುಟ್ಟಿದ ಸಾರಜನಕದ ಆಕ್ಸೈಡುಗಳು ಇಳಿದು ಬಂದು ಓಜೋನನ್ನು ನಾಶಮಾಡಿವೆ ಎಂದರು. ಹಾಗಿದ್ದರೆ ನಾಶ ಮೇಲಿನಿಂದ ಶುರುವಾಗಬೇಕು. 1986ರ ವಸಂತದಲ್ಲಿ ಡೇವಿಡ್ ಹಾಫ್‌ಮನ್ ಮತ್ತು ಸಂಗಡಿಗರು ಅಂಟಾರ್ಕ್ಟಿಕದ ಮೆಕ್‌ಮರ್ಡೊ ನಿಲ್ದಾಣದಿಂದ ಮೂವತ್ತಕ್ಕೂ ಹೆಚ್ಚು ಬಲೂನುಗಳನ್ನು ಹಾರಿಸಿದರು. ನಾಶವೆಲ್ಲ 12ರಿಂದ 20 ಕಿಲೋಮೀಟರುಗಳ ನಡುವೆಯೇ ಇತ್ತು. ಅದರ ಮೇಲೆ ಓಜೋನ್ ತಕ್ಕಮಟ್ಟಿಗೆ ಕ್ಷೇಮವಾಗಿತ್ತು. ಆ ವಾದ ಅಲ್ಲಿಗೆ ಸೊರಗಿತು. ಕ್ಲೋರಿನ್ನಿನ ಕೈವಾಡಕ್ಕೆ ನೇರ ಸಾಕ್ಷ್ಯ ಸಿಕ್ಕಿದ್ದು ಮುಂದಿನ ವರ್ಷ, ವಿಮಾನದಿಂದ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಕಳ್ಳ ಯಾವ ಅಂತಸ್ತಿಗೆ ನುಗ್ಗಿದ್ದಾನೆಂದು ಮೊದಲು ತೋರಿಸಿದ್ದು ಬಲೂನು.

ಆ ಬಲೂನಿನ ಕೆಳಗೆ ಏನಿರುತ್ತದೆ ಗೊತ್ತೇ? ಪೊಟ್ಯಾಸಿಯಂ ಅಯೋಡೈಡ್ ದ್ರಾವಣ! ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಕಂದು ಬಾಟಲಿಯಲ್ಲಿ ಇರುತ್ತಿದ್ದ ಅದೇ ಲವಣ. ಓಜೋನ್ ಅದರಲ್ಲಿ ಹಾಯ್ದಾಗ ಅಯೋಡಿನ್ ಬಿಡುಗಡೆಯಾಗುತ್ತದೆ. ಒಂದೊಂದು ಓಜೋನ್ ಅಣುವಿಗೂ ಎರಡು ಎಲೆಕ್ಟ್ರಾನುಗಳ ಲೆಕ್ಕದಲ್ಲಿ ವಿದ್ಯುತ್ ಹರಿಯುತ್ತದೆ. ಅದನ್ನು ಅಳೆದು ರೇಡಿಯೋ ಮೂಲಕ ಕೆಳಗೆ ಕಳುಹಿಸುತ್ತದೆ. ನಮ್ಮ ಹವಾಮಾನ ಇಲಾಖೆಯೂ ಪುಣೆ, ತಿರುವನಂತಪುರಗಳಿಂದ ಇಂತಹವನ್ನು ಹಾರಿಸಿದೆ. ಹತ್ತನೆಯ ತರಗತಿಯ ರಸಾಯನಶಾಸ್ತ್ರ 30 ಕಿಲೋಮೀಟರು ಮೇಲೆ ಕೆಲಸ ಮಾಡುತ್ತಿದೆ ಎಂದು ಹೇಳಿದ್ದರೆ ನಿಮ್ಮಲ್ಲಿ ಒಬ್ಬಿಬ್ಬರಾದರೂ ಕಿವಿ ನಿಮಿರಿಸುತ್ತಿದ್ದಿರಿ.

(ನಡುವೆ ಒಂದು ಮಾತು. "ಸಮೋಷ್ಣ ಮಂಡಲ" ಎಂಬ ಹೆಸರಿನ ಬಗ್ಗೆ ಹಲವರು ನನ್ನನ್ನು ಕೇಳಿದ್ದಿದೆ: ಮೇಲೆ ಹೋದಂತೆ ಅಲ್ಲಿ ಉಷ್ಣತೆ ಏರುತ್ತದಲ್ಲ, ಸಮವೆಲ್ಲಿ? 1902ರಲ್ಲಿ ಫ್ರಾನ್ಸಿನ ತೆಸರಾಂಕ್ ದ ಬೋರ್ ಬಲೂನುಗಳಿಂದ ಅದನ್ನು ಮೊದಲು ಕಂಡಾಗ ಅವರ ಬಲೂನುಗಳು ಅದರ ಕೆಳ ಅಂಚನ್ನಷ್ಟೇ ಮುಟ್ಟಿದ್ದವು. ಅಲ್ಲಿ ಉಷ್ಣತೆ ಸಮವಾಗಿಯೇ ಇದೆ. ಬಲೂನು ಇನ್ನೂ ಎತ್ತರ ಹೋದ ಮೇಲೂ ನಮ್ಮ ಹೆಸರು ಅಲ್ಲಿಯೇ ಉಳಿಯಿತು.)

ಅಳಿಯನ ಎರಡನೆಯ ಆಕ್ಷೇಪ ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾತಿನ ಧಾಟಿಯಲ್ಲಿತ್ತು: ಒಮ್ಮೆ ಅಳೆದಾಯಿತಲ್ಲ, ಮತ್ತೆ ಮತ್ತೆ ಏಕೆ? ಈ ಮನೋಭಾವವೇ ನನ್ನ ನಿಜವಾದ ಎದುರಾಳಿ. ಹೊಸದನ್ನು ಕಂಡುಹಿಡಿದವನಿಗೆ ಹಾರ, ಅದೇ ಅಳತೆಯನ್ನು ನಲವತ್ತು ವರ್ಷ ಮಾಡಿದವನಿಗೆ ಗುಮಾಸ್ತನೆಂಬ ಹೆಸರು. ಶಾಲೆಯಲ್ಲೂ ನಾವು ಕಲಿಸಿದ್ದು ಹೀಗೆಯೇ: ಪ್ರಯೋಗವನ್ನು ಒಮ್ಮೆ ಮಾಡು, ರೆಕಾರ್ಡ್ ಪುಸ್ತಕದಲ್ಲಿ ಬರೆ, ಸಹಿ ಹಾಕಿಸಿಕೋ.

ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವಿದೆ. ವಿದ್ಯುತ್ ಸ್ವಿಚ್ ಸಲಕರಣೆಗಳಲ್ಲಿ ಬಳಸುತ್ತಾರೆ. ಗಾಳಿಗಿಂತ ಐದು ಪಟ್ಟು ಭಾರ, ಆದರೂ ಸಮೋಷ್ಣ ಮಂಡಲಕ್ಕೆ ಹೋಗುತ್ತದೆ (ಕೊನೆಯ ಬೆಂಚಿನವನೇ, ಗಮನಿಸು). ನೆಲದ ಮೇಲೆ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂದಿರುವುದರಿಂದ, ಮೇಲಿನ ಗಾಳಿಯಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಆ ಗಾಳಿ ನೆಲ ಬಿಟ್ಟು ಎಷ್ಟು ವರ್ಷವಾಯಿತೆಂದು ಹೇಳಬಹುದು. ಪತ್ರದ ಮೇಲಿನ ಅಂಚೆಮುದ್ರೆಯಂತೆ. ಹೈದರಾಬಾದಿನ ಮಾದರಿಗಳಿಂದಲೂ ಈ ಕೆಲಸ ನಡೆದಿದೆ. ಭೂಮಿ ಬಿಸಿಯಾದಂತೆ ಈ ಹರಿವು ಚುರುಕಾಗುತ್ತದೆ, ಮೇಲಿನ ಗಾಳಿಯ "ವಯಸ್ಸು" ಕಡಿಮೆಯಾಗುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳಿದವು. 2009ರಲ್ಲಿ ಜರ್ಮನಿಯ ಆಂಡ್ರಿಯಾಸ್ ಎಂಗೆಲ್ ಮತ್ತು ಸಂಗಡಿಗರು ಮೂವತ್ತು ವರ್ಷಗಳ ಬಲೂನು ಮಾದರಿಗಳನ್ನು ಮುಂದಿಟ್ಟು, ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳಲ್ಲಿ ಅಂತಹ ಇಳಿಕೆ ತಮಗೆ ಕಾಣಲಿಲ್ಲವೆಂದರು. ಆ ಚರ್ಚೆಯೇನೂ ಅಲ್ಲಿಗೆ ಮುಗಿಯಲಿಲ್ಲ. ಆದರೆ 1975ರಲ್ಲಿ ಹಾರಿಸಿದ ಬಲೂನಿಲ್ಲದೆ 2009ರಲ್ಲಿ ಆ ಪ್ರಶ್ನೆ ಕೇಳಲು ಸಾಧ್ಯವೇ ಇರಲಿಲ್ಲ. ಹಿಂದಿನ ಗಾಳಿಯನ್ನು ಇಂದು ಹೋಗಿ ತರಲು ಯಾವ ಉಪಗ್ರಹಕ್ಕೂ ಆಗದು.

ಇನ್ನೊಂದು ಉದಾಹರಣೆ. 2010ರ ಹೊತ್ತಿಗೆ ಸಿ.ಎಫ್.ಸಿ.-11ರ ಉತ್ಪಾದನೆ ಜಗತ್ತಿನಾದ್ಯಂತ ನಿಂತಿರಬೇಕಿತ್ತು. ಆದರೆ 2018ರಲ್ಲಿ ಸ್ಟೀಫನ್ ಮಾಂಟ್ಸ್ಕಾ ಮತ್ತು ಸಂಗಡಿಗರು, 2012ರ ನಂತರ ಅದರ ಇಳಿಕೆಯ ವೇಗ ಅರ್ಧದಷ್ಟು ಕುಗ್ಗಿದೆ ಎಂದು ಪ್ರಕಟಿಸಿದರು. ಯಾರೋ ಕದ್ದು ತಯಾರಿಸುತ್ತಿದ್ದರು. ಹೆಚ್ಚಳದ ದೊಡ್ಡ ಪಾಲು ಪೂರ್ವ ಚೀನಾದಿಂದ ಬಂದದ್ದೆಂದು ಮರುವರ್ಷ ಇನ್ನೊಂದು ಅಧ್ಯಯನ ತೋರಿಸಿತು. ಕಳ್ಳತನ ನಿಂತಿತು ಕೂಡ. ಹಿಡಿದದ್ದು ನೆಲದ ಮೇಲಿನ ಅಳತೆಗಳೇ. ಆದರೆ ನೆಲದ ಮೇಲಿನ ಅಂಕಿಯಿಂದ ಎಷ್ಟು ಹೊರಬಿದ್ದಿದೆ ಎಂದು ಲೆಕ್ಕ ಹಾಕಲು, ಮೇಲೆ ಎಷ್ಟು ಬೇಗ ನಾಶವಾಗುತ್ತಿದೆ ಎಂಬುದು ಗೊತ್ತಿರಬೇಕು. ಕೆರೆಯ ತೂಬಿನಿಂದ ಎಷ್ಟು ಹೋಗುತ್ತದೆಂದು ತಿಳಿಯದೆ ಕಾಲುವೆಯಿಂದ ಎಷ್ಟು ಬಂತೆಂದು ಹೇಳಲಾಗದು. ಆ ತೂಬು ಇರುವುದು ಸಮೋಷ್ಣ ಮಂಡಲದಲ್ಲಿ.

ಬಲೂನು ಮುದುಕರ ವಿದ್ಯೆ ಎಂಬ ಭ್ರಮೆಯೂ ಬೇಡ. ಅಮೆರಿಕದ ಪೀಟರ್ ಟಾನ್ಸ್ ಅವರ ಕಲ್ಪನೆಯಿಂದ ಹುಟ್ಟಿದ "ಏರ್‌ಕೋರ್" ಎಂಬುದನ್ನು ಕೇಳಿ: ನೂರು ಮೀಟರಿಗೂ ಉದ್ದದ ಸಣ್ಣ ಉಕ್ಕಿನ ಕೊಳವೆಯನ್ನು ಸುರುಳಿ ಸುತ್ತಿದ್ದಾರೆ. ಒಂದು ತುದಿ ಮುಚ್ಚಿದೆ, ಒಂದು ತುದಿ ತೆರೆದಿದೆ. ಬಲೂನು ಏರಿದಂತೆ ಹೊರಗಿನ ಒತ್ತಡ ಇಳಿದು ಕೊಳವೆ ತಾನಾಗಿ ಖಾಲಿಯಾಗುತ್ತದೆ. ಇಳಿಯುವಾಗ ತಾನಾಗಿ ತುಂಬಿಕೊಳ್ಳುತ್ತದೆ. ಅತಿ ಎತ್ತರದ ಗಾಳಿ ಒಳತುದಿಯಲ್ಲಿ, ನೆಲದ ಗಾಳಿ ಬಾಯಲ್ಲಿ, ನಡುವಿನದೆಲ್ಲ ಸಾಲಾಗಿ. ಕೆಳಗಿಳಿದೊಡನೆ ಬಾಯಿ ಮುಚ್ಚಿ, ಪ್ರಯೋಗಶಾಲೆಗೆ ಒಯ್ದು, ಕ್ರಮವಾಗಿ ಹೊರತೆಗೆದು ಅಳೆಯುವುದು. ಇಷ್ಟು ಸರಳವಾದದ್ದು ನಮಗೇಕೆ ಹೊಳೆಯಲಿಲ್ಲ ಎಂದು ನಾನು ಎರಡು ದಿನ ಯೋಚಿಸಿದೆ.

ಜಲಸಂಗಿಯ ಆ ಮನೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಬೆಳಗಿನ ಹೊತ್ತು ಮನೆಯ ಮೇಲೆ ಯಂತ್ರವೊಂದು ಇಳಿದರೆ ಯಾರಿಗೂ ಎದೆ ಒಡೆಯುತ್ತದೆ. ವಿಜ್ಞಾನದ ಹೆಸರಿನಲ್ಲಿ ಅದನ್ನು ನಾನು ಸಮರ್ಥಿಸಲಾರೆ. ಈ ಬಲೂನುಗಳು ಹೈದರಾಬಾದಿನಿಂದ ಇನ್ನೂರು ಮುನ್ನೂರು ಕಿಲೋಮೀಟರು ದೂರದವರೆಗೆ, ಸೊಲ್ಲಾಪುರದ ದಿಕ್ಕಿಗೂ ಬಂದು ಇಳಿಯಬಹುದೆಂದು ಆ ಕೇಂದ್ರದವರೇ ಪ್ರಕಟಣೆ ಹೊರಡಿಸುತ್ತಾರೆ. ಆ ದಾರಿಯಲ್ಲಿ ಬೀದರ್, ಕಲಬುರಗಿಗಳ ಹಳ್ಳಿಗಳಿವೆ. ಪ್ರತಿ ಹಾರಾಟದ ಋತುವಿಗೆ ಮೊದಲು ಈ ಹಳ್ಳಿಗಳ ಶಾಲೆಗಳಿಗೆ ಒಬ್ಬರು ಬಂದು ಅರ್ಧ ಗಂಟೆ ಮಾತನಾಡಬಾರದೇ? ಏನು ಹಾರುತ್ತದೆ, ಏಕೆ ಹಾರುತ್ತದೆ, ಬಿದ್ದರೆ ಒಳಗೆ ಹೆಚ್ಚಿನ ವೋಲ್ಟೇಜಿನ ಭಾಗಗಳಿರಬಹುದು, ಮುಟ್ಟದೆ ಪೆಟ್ಟಿಗೆಯ ಮೇಲಿನ ವಿಳಾಸಕ್ಕೆ, ಪೊಲೀಸರಿಗೆ ತಿಳಿಸಿ ಎಂದು. ಹುಡುಗರು ಮನೆಗೆ ಹೋಗಿ ಹೇಳುತ್ತಾರೆ. ನಾನು ಈಗಲೂ ಬಸ್ಸು ಹತ್ತಬಲ್ಲೆ, ಕರೆದರೆ ಬರುತ್ತೇನೆ.

ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದು ಸುಮಾರು 2066ಕ್ಕೆ ಎಂದು 2022ರ ಅಂತರರಾಷ್ಟ್ರೀಯ ವರದಿ ಅಂದಾಜು ಮಾಡಿದೆ. ಮರಳಿತೋ ಇಲ್ಲವೋ ಎಂದು ಅಳೆದು ಹೇಳಬೇಕಾದವರು ಇನ್ನೂ ಶಾಲೆಗೇ ಸೇರಿಲ್ಲ. ಅಳಿಯನ ಮಗಳು ಈ ವರ್ಷ ಎಲ್.ಕೆ.ಜಿ.

ಕೊನೆಯದಾಗಿ ಒಂದು ವಿನಂತಿ. 1994ರ ಹತ್ತನೆಯ ತರಗತಿಯವರು ಇದನ್ನು ಓದುತ್ತಿದ್ದರೆ, ಕಿಟಕಿಯ ಬದಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಆ ಹುಡುಗ ಯಾರೆಂದು ನಿಮಗೆ ನೆನಪಿದ್ದೀತು. ಅವನು ಪಿ.ಯು.ಸಿ.ಗೆ ಸೇರಲಿಲ್ಲವೆಂದಷ್ಟೇ ಕೇಳಿದ್ದೇನೆ. ಅವನ ಫೋನ್ ನಂಬರು ಯಾರಲ್ಲಾದರೂ ಇದ್ದರೆ ನನಗೆ ತಿಳಿಸಿರಿ. ನಂಬರು ಸಿಗದಿದ್ದರೆ, ಅವನ ಊರಿನ ಕಡೆಗೆ ಹೋಗುವವರು ಈ ಬರಹದ ಒಂದು ಪ್ರತಿಯನ್ನು ತೆಗೆದು ಅವನ ಕೈಗೆ ಮುಟ್ಟಿಸಿರಿ.